ರೋಮಿನಲ್ಲಿ ಒಬ್ಬ ನೀರುಗಂಟಿ

ರೋಮಿನ ಬೀದಿ ನಲ್ಲಿಗಳಿಗೆ ತಿರುಪು ಇರುವುದಿಲ್ಲ ಎಂಬ ಸಂಗತಿಯನ್ನು ನನಗೆ ಯಾವ ಪುಸ್ತಕವೂ ಹೇಳಿರಲಿಲ್ಲ. ಹೇಳಿದ್ದರೆ ನಮ್ಮಣ್ಣನನ್ನು ಆ ಊರಿಗೆ ಖಂಡಿತ ಕರೆದುಕೊಂಡು ಹೋಗುತ್ತಿರಲಿಲ್ಲ.

ನಾನು ಮುಳಬಾಗಿಲು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳು. ರೋಮಿನ ಪಾಠ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಕೊಲೊಸಿಯಂ ಚಿತ್ರ ಬರೆಯುತ್ತಿದ್ದೆ. ಒಂದು ಸಾಲು ಕಮಾನು, ಅದರ ಮೇಲೆ ಇನ್ನೊಂದು ಸಾಲು ಕಮಾನು, ಅಷ್ಟೇ. ಹಿಂದಿನ ಬೆಂಚಿನವರು ಅದನ್ನು ಇಡ್ಲಿ ಪಾತ್ರೆ ಎನ್ನುತ್ತಿದ್ದರು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಕೂತಿದ್ದಾಗಲೇ ಒಂದು ತೀರ್ಮಾನ ಮಾಡಿದ್ದೆ. ಒಂದು ಸಲ ಅದರ ಒಳಗೆ ಕಾಲಿಡಬೇಕು. ಹೊರಗೆ ನಿಂತು ಫೋಟೊ ತೆಗೆಸಿಕೊಂಡು ಬರುವುದಲ್ಲ, ಒಳಗೆ.

ಜೊತೆಗೆ ಬರಬೇಕಿದ್ದ ಶ್ರೀನಿವಾಸಪುರದ ಗೆಳತಿ ತಮ್ಮ ಮಾವಿನ ತೋಟದಲ್ಲಿ ಜಾರಿಬಿದ್ದು ಕಾಲು ಮುರಿದುಕೊಂಡರು. ನಮ್ಮ ಯಜಮಾನರು ವಿಮಾನದ ಹೆಸರೆತ್ತಿದರೆ ಬೆವರುವವರು. "ನಿಮ್ಮಣ್ಣನ್ನ ಕರ್ಕೊಂಡ್ ಹೋಗು" ಎಂದು ಹೇಳಿ ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ಹಾಗಾಗಿ ಮುನಿವೆಂಕಟಪ್ಪ, ಅಂದರೆ ನಮ್ಮಣ್ಣ, ತಿರುಪತಿಯಿಂದಾಚೆಗೆ ಮೊದಲ ಸಲ ಕಾಲಿಟ್ಟ.

ನಮ್ಮಣ್ಣ ತಾಯಲೂರಿನ ಹತ್ತಿರ ನಮ್ಮೂರ ಕೆರೆಯ ನೀರುಗಂಟಿ. ನಮ್ಮಪ್ಪ, ತಾತ ಕೂಡ ಅದೇ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿ ಕಟ್ಟಿ ಹಂಚುವುದು ಇವರ ಕೆಲಸ. ಕೆರೆ ಒಣಗಿ ನೆಲ ಬಿರಿದಿದ್ದ ವರ್ಷಗಳಲ್ಲೂ ಅಣ್ಣ ದಿನಕ್ಕೊಂದು ಸಲ ತೂಬಿನ ಹತ್ತಿರ ಹೋಗಿ ನಿಂತು ಬರುತ್ತಿದ್ದ. ಏನು ಮಾಡ್ತಿದ್ದೆ ಅಲ್ಲಿ ಎಂದು ಕೇಳಿದರೆ, "ನಾನಿಲ್ದಾಗ ನೀರ್ ಬಂದ್ರೆ?" ಎನ್ನುತ್ತಿದ್ದ.

ನಮ್ಮ ಗುಂಪಿನ ಪ್ರವಾಸದಲ್ಲಿ ರೋಮಿಗೆ ಸಿಕ್ಕಿದ್ದು ಒಂದೇ ದಿನ. ಮ್ಯಾನೇಜರು ಬೆಳಿಗ್ಗೆ ತಿಂಡಿಯ ಹೊತ್ತಿಗೆ ನಮಗೆ ಎರಡು ಟಿಕೆಟ್ ಕೊಟ್ಟು, ಕೆಂಪು ದಾರದ ಗುರುತಿನ ಚೀಟಿಗಳನ್ನು ಕೊರಳಿಗೆ ಹಾಕಿದರು. "ಕೊಲೊಸಿಯಂಗೆ ನಾಲ್ಕೂವರೆಗೆ ಕೊನೇ ಪ್ರವೇಶ ಮೇಡಂ. ಒಂದ್ ನಿಮಿಷ ಆಚೆ ಆದ್ರೂ ಬಿಡಲ್ಲ. ನಾಳೆ ಬೆಳಿಗ್ಗೆ ನಮ್ ಬಸ್ಸು ಹೊರಡತ್ತೆ" ಎಂದರು. ನಾಲ್ಕೂವರೆ ತಾನೆ, ಇಡೀ ದಿನವಿದೆ ಎಂದು ನಾನು ಇನ್ನೊಂದು ಕಾಫಿ ತರಿಸಿದೆ. ಈಗ ನೆನೆಸಿಕೊಂಡರೆ ಆ ಕಾಫಿಯ ಮೇಲೇ ಸಿಟ್ಟು ಬರುತ್ತದೆ.

ಹೋಟೆಲಿನ ಮೂಲೆ

ಹೋಟೆಲು ದಾಟಿ ತಿರುಗಿದ ಕೂಡಲೇ ಸೊಂಟದೆತ್ತರದ ಒಂದು ಕಬ್ಬಿಣದ ಕಂಬ. ಅದಕ್ಕೊಂದು ಬಾಗಿದ ಮೂತಿ. ಮೂತಿಯಿಂದ ನೀರು ತನ್ನಷ್ಟಕ್ಕೆ ಸುರಿಯುತ್ತಿತ್ತು. ಹಿಡಿಯುವವರು ಒಬ್ಬರೂ ಇಲ್ಲ.

ಅಣ್ಣ ನಿಂತ. ಕಂಬದ ಹಿಂದೆ ನೋಡಿದ, ಕೆಳಗೆ ನೋಡಿದ, ಕೈಯಿಂದ ತಡವಿ ನೋಡಿದ.

"ತಿರುಪು ಎಲ್ಲೇ ಸರೋಜಾ?"

"ಇರಲ್ವೇನೋ ಬಾರಣ್ಣ."

"ನಲ್ಲಿ ಅಂದ್ಮೇಲೆ ತಿರುಪು ಇರ್ದೆ ಇರ್ತದಾ?"

ನಾನು ದಾರಿಯ ನಕ್ಷೆ ಬಿಚ್ಚುವಷ್ಟರಲ್ಲಿ ಅವನು ಹೆಗಲ ಮೇಲಿನ ಟವೆಲಿನ ತುದಿಯನ್ನು ಹುರಿ ಮಾಡಿ ಮೂತಿಗೆ ತುರುಕಿಬಿಟ್ಟಿದ್ದ. ನೀರು ಒಂದು ಗಳಿಗೆ ಯೋಚಿಸಿತು. ಆಮೇಲೆ ಮೂತಿಯ ನೆತ್ತಿಯಲ್ಲಿದ್ದ ಒಂದು ಸಣ್ಣ ತೂತಿನಿಂದ ಮೇಲಕ್ಕೆ ಹಾರಿ, ಕಾಲುದಾರಿ ದಾಟಿ, ಅಲ್ಲಿ ಸೂಟು ಹಾಕಿಕೊಂಡು ಕಾಫಿ ಕುಡಿಯುತ್ತಿದ್ದ ದೊಡ್ಡಮನುಷ್ಯರೊಬ್ಬರ ಲೋಟದೊಳಗೆ ಬಿತ್ತು.

ಆತ ಎದ್ದು ಬಂದಾಗ ನಮ್ಮ ಪ್ರವಾಸ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆತ ಟವೆಲು ತೆಗೆದು, ಹಿಂಡಿ, ಅಣ್ಣನ ಕೈಗೆ ಕೊಟ್ಟು, ಮೂತಿಗೆ ಬೆರಳು ಅಡ್ಡ ಹಿಡಿದು, ಮೇಲೆ ಚಿಮ್ಮಿದ ನೀರಿಗೆ ಬಾಯಿ ಒಡ್ಡಿ ಕುಡಿದು ತೋರಿಸಿದರು. ಆ ತೂತು ಇರುವುದೇ ಕುಡಿಯುವುದಕ್ಕಂತೆ. ಅಣ್ಣನೂ ಕುಡಿದ.

"ಕುಡಿಯೋಕೆ ಸೈ. ಆಮೇಲೆ ನಿಲ್ಸೋದ್ ಹೆಂಗೆ ಕೇಳು."

ನಾನು ನನ್ನ ಇಂಗ್ಲಿಷಿನಲ್ಲಿ ಕೇಳಿದೆ. ಅವರು ತಮ್ಮ ಇಂಗ್ಲಿಷಿನಲ್ಲಿ, ನಿಲ್ಲಿಸುವುದಿಲ್ಲ, ಈ ಊರಿನಲ್ಲಿ ನೀರು ಎರಡು ಸಾವಿರ ವರ್ಷದಿಂದ ಹೀಗೇ ಹರಿಯುತ್ತಿದೆ ಎಂದು ಎದೆಯುಬ್ಬಿಸಿ ಹೇಳಿದರು. ಅಣ್ಣನಿಗೆ ಅದನ್ನು ಕನ್ನಡದಲ್ಲಿ ಹೇಳಿದಾಗ ಅವನ ಮುಖ ಸಪ್ಪಗಾಯಿತು. "ಎರಡ್ ಸಾವ್ರ ವರ್ಷದಿಂದ ಈ ಊರಲ್ಲಿ ನಲ್ಲಿ ನಿಲ್ಸೋನು ಒಬ್ನೂ ಹುಟ್ಟಲಿಲ್ವಾ?" ಎಂದ. ಇದನ್ನು ನಾನು ಅನುವಾದ ಮಾಡಲಿಲ್ಲ.

ಅಂಥ ನಲ್ಲಿಗಳು ಬೀದಿಗೊಂದು. ನಿಲ್ಲಿಸಲಾಗದ ಮೇಲೆ ಅಣ್ಣ ಇನ್ನೊಂದು ಉಪಾಯ ಹುಡುಕಿದ. ದಂಡವಾಗುವುದು ಬೇಡವೆಂದು ಪ್ರತಿ ನಲ್ಲಿಯಲ್ಲೂ ಹೊಟ್ಟೆ ತುಂಬ ಕುಡಿಯತೊಡಗಿದ. ಹನ್ನೊಂದು ನಲ್ಲಿಗಳಾದ ಮೇಲೆ ಏನಾಗಬೇಕೋ ಅದೇ ಆಯಿತು. ರೋಮಿನಲ್ಲಿ ಕುಡಿಯುವ ನೀರು ಎಷ್ಟು ಸುಲಭವೋ ಅದನ್ನು ಬಿಡುವ ಜಾಗ ಅಷ್ಟೇ ಕಷ್ಟ. ಮುಳಬಾಗಿಲು ಬಸ್‌ಸ್ಟ್ಯಾಂಡಿನಲ್ಲಿ ಕಣ್ಣು ಮುಚ್ಚಿಕೊಂಡರೂ ಮೂಗಿನಿಂದಲೇ ದಾರಿ ಕಂಡುಹಿಡಿಯಬಹುದು. ಇಲ್ಲಿ ಎಲ್ಲವೂ ಶುಭ್ರವಾಗಿರುವುದರಿಂದ ದಿಕ್ಕೇ ತೋಚಲಿಲ್ಲ. ಇಡೀ ಒಂದು ಗಂಟೆ ನಾನು ಚಾರಿತ್ರಿಕ ನಗರದಲ್ಲಿ ಚರಿತ್ರೆಯನ್ನು ಬಿಟ್ಟು ಶೌಚಾಲಯ ಹುಡುಕಿದೆ. ಕೊನೆಗೆ ಒಂದು ಕಾಫಿ ಅಂಗಡಿಯವರು ಅಣ್ಣನನ್ನು ಒಳಗೆ ಬಿಟ್ಟರು.

ಗುಡ್ಡದ ಮೇಲಿನ ಮ್ಯೂಸಿಯಂ

ಅಲ್ಲಿಂದ ಗುಡ್ಡ ಹತ್ತಿದೆವು. ಮ್ಯೂಸಿಯಮ್ಮಿನ ಅಂಗಳದಲ್ಲಿ ಒಂದು ತೊಟ್ಟಿ, ತೊಟ್ಟಿಯ ಮೇಲೆ ಗಡ್ಡ ಬಿಟ್ಟ ಮುದುಕನೊಬ್ಬನ ದೊಡ್ಡ ಕಲ್ಲುಮೂರ್ತಿ. ಊಟ ಮಾಡಿ ಪಡಸಾಲೆಯಲ್ಲಿ ಅಡ್ಡಾದವನ ಹಾಗೆ ಮೊಳಕೈ ಊರಿ ಮಲಗಿದ್ದಾನೆ. ಕೆಳಗೆ ನೀರು. ನೀರು ಕಂಡ ಮೇಲೆ ಅಣ್ಣ ನಿಲ್ಲದೆ ಇರುತ್ತಾನೆಯೇ.

"ಯಾರ್ ಇದು?"

ಫಲಕ ಓದಿ, "ಹೊಳೆ ದೇವರಂತೆ" ಎಂದೆ.

"ಹೊಳೆ ದೇವ್ರು ಗಂಡಸಾ?" ಅಣ್ಣ ಮೂರ್ತಿಯನ್ನು ಬಹಳ ಹೊತ್ತು ನೋಡಿದ. "ಹಂಗಾದ್ರೆ ನಮ್ ಗಂಗಮ್ಮನ ಕಡೆ ನೆಂಟರೇ ಇರ್ಬೇಕು."

ಅಷ್ಟು ಹೇಳಿ ಚಪ್ಪಲಿ ಬಿಟ್ಟ. ಜೇಬಿನಿಂದ ನಮ್ಮೂರ ಗಂಗಮ್ಮನ ಕುಂಕುಮದ ಪೊಟ್ಟಣ ತೆಗೆದ. ತೂಬು ಎತ್ತುವ ಮೊದಲು ನೀರಿಗೆ ಕುಂಕುಮ ಹಾಕುವುದು ನಮ್ಮಲ್ಲಿ ಪದ್ಧತಿ. ಅವನು ಪೊಟ್ಟಣ ಬಿಚ್ಚುತ್ತಿದ್ದಂತೆ ಸಮವಸ್ತ್ರದ ಹೆಂಗಸೊಬ್ಬರು ಕೈ ಬೀಸುತ್ತ ಓಡಿ ಬಂದರು. ಅಣ್ಣ ಅದನ್ನು ಬೇರೆ ಥರ ಅರ್ಥ ಮಾಡಿಕೊಂಡ. "ಪಾಪ, ಮುತ್ತೈದೆ, ಕುಂಕುಮ ಕಂಡು ಓಡಿ ಬರ್ತಾವ್ಳೆ" ಎಂದು ಪೊಟ್ಟಣವನ್ನು ಅವರ ಮುಂದೆಯೇ ಚಾಚಿದ.

ಪರದೇಶದ ಮುದುಕನೊಬ್ಬ ಜೇಬಿನಿಂದ ಕೆಂಪು ಪುಡಿ ತೆಗೆದು ಕೊಟ್ಟರೆ ಕಾವಲಿನವರು ಏನು ಮಾಡುತ್ತಾರೋ ಆಕೆಯೂ ಅದನ್ನೇ ಮಾಡಿದರು. ನಾವು ಒಂದು ಕೋಣೆಯಲ್ಲಿ ಕೂತೆವು. ಪುಡಿ ಮೇಜಿನ ಮೇಲೆ ಕೂತಿತು. ಮೂರು ಜನ ಅದನ್ನು ದೂರದಿಂದ ನೋಡಿದರು, ಒಬ್ಬರು ಮೂಸಿ ಸೀನಿದರು. ಪಾಠ ಮಾಡಿದ ಅನುಭವ ನನಗೆ ಅಲ್ಲಿ ಉಪಯೋಗಕ್ಕೆ ಬಂತು. ಮಾತಿನಲ್ಲಿ ತಿಳಿಯದಿದ್ದರೆ ಮಾಡಿ ತೋರಿಸಬೇಕು. ಬೆರಳಲ್ಲಿ ಚಿಟಿಕೆ ತೆಗೆದು ನನ್ನ ಹಣೆಗಿಟ್ಟುಕೊಂಡೆ, ಅಣ್ಣನ ಹಣೆಗಿಟ್ಟೆ. ಸಮವಸ್ತ್ರದ ಹೆಂಗಸು ಸ್ವಲ್ಪ ಹೊತ್ತು ನೋಡಿ ತಾವೇ ಹಣೆ ಮುಂದೆ ಮಾಡಿದರು. ಹೊರಬಿದ್ದಾಗ ಗಂಟೆ ಹನ್ನೆರಡು ಮುಕ್ಕಾಲು. ಆ ಮ್ಯೂಸಿಯಮ್ಮಿನಲ್ಲಿ ನಾನು ನೋಡಿದ್ದು ಅಂಗಳ ಮತ್ತು ಆ ಕೋಣೆ. ಕೋಣೆಯ ಬಗ್ಗೆ ಕೇಳಿದರೆ ಇವತ್ತೂ ವಿವರವಾಗಿ ಹೇಳಬಲ್ಲೆ.

ಹಾಳು ಕಂಬಗಳು

ಗುಡ್ಡದ ಕೆಳಗೆ ಹಳೆಯ ರೋಮ್ ಹಾಳುಬಿದ್ದು ಹರಡಿಕೊಂಡಿದೆ. ಮುರಿದ ಕಂಬ, ಚಾವಣಿಯಿಲ್ಲದ ಗುಡಿ, ಮೇಲಕ್ಕೆ ಹತ್ತಿ ಎಲ್ಲಿಗೂ ಹೋಗದ ಮೆಟ್ಟಿಲು. ಇದೇ ಬೀದಿಯಲ್ಲಿ ಯಾರ್ಯಾರು ನಡೆದಿದ್ದರೋ ಎಂದು ನಾನು ಮೈ ಮರೆತು ನಿಂತಿದ್ದರೆ, ಅಣ್ಣ ಬಾಟಲಿಯ ಮುಚ್ಚಳ ತೆಗೆದು ಆ ಪುರಾತನ ಕಲ್ಲುಹಾಸಿನ ಮೇಲೆ ನೀರು ಸುರಿದ.

ಸೀಟಿ ಊದುತ್ತ ಕಾವಲುಗಾರ ಬಂದ. ಅಣ್ಣ ಅವನಿಗೆ ಬೆರಳು ತೋರಿಸಿ, "ಚೂಡು ಸಾಮಿ, ಎಟ್ಟ ಪೋತುಂದೋ" ಎಂದ. ನೋಡು ಸ್ವಾಮಿ, ಹೇಗೆ ಹೋಗುತ್ತದೋ ಎಂದು. ಕನ್ನಡ ಬಾರದವರಿಗೆ ತೆಲುಗು ಬರಲೇಬೇಕೆಂಬುದು ಅವನ ಲೆಕ್ಕ. ಗಡಿಗೆ ಅಂಟಿಕೊಂಡ ತಾಯಲೂರಿನಲ್ಲಿ ಈ ಲೆಕ್ಕ ಎಂದೂ ತಪ್ಪಿಲ್ಲ. ಕಾವಲುಗಾರ ಬೈಯಲು ತೆರೆದ ಬಾಯಿ ಹಾಗೇ ಇಟ್ಟುಕೊಂಡು ಬಗ್ಗಿ ನೋಡಿದ. ನೀರು ಒಂದು ಕಲ್ಲಿನಿಂದ ಇನ್ನೊಂದಕ್ಕೆ ದಾರಿ ಹುಡುಕಿಕೊಂಡು, ಯಾರೋ ಹಾಕಿದ್ದ ಸಣ್ಣ ಇಳಿಜಾರಿನಲ್ಲಿ ಸಾಗಿ, ಅಂಚಿನ ಚರಂಡಿಯೊಳಗೆ ಇಳಿದುಹೋಯಿತು. ಇಬ್ಬರೂ ಅದರ ಹಿಂದೆಯೇ ಬಗ್ಗಿಕೊಂಡು ನಡೆದರು. ಚರಂಡಿ ಮುಟ್ಟಿದಾಗ ಇಬ್ಬರೂ ಒಟ್ಟಿಗೆ ತಲೆಯಾಡಿಸಿದರು. ಕಾವಲುಗಾರ ಸೀಟಿ ಜೇಬಿಗಿಟ್ಟು ತನ್ನ ಬಾಟಲಿಯ ಮುಚ್ಚಳ ತೆಗೆದಾಗ ನಾನು ಅಣ್ಣನ ತೋಳು ಹಿಡಿದು ಎಳೆದುಕೊಂಡು ಹೊರಟೆ.

ಪಾರ್ಕು

ಕೊಲೊಸಿಯಮ್ಮಿನ ಎದುರಿಗೇ ಒಂದು ದಿಣ್ಣೆ, ಅದರ ಮೇಲೊಂದು ಪಾರ್ಕು. ಬೆಂಚಿನ ಮೇಲೆ ಕೂತರೆ ಮರಗಳ ಸಂದಿಯಲ್ಲಿ ಕಮಾನುಗಳು ಕಾಣುತ್ತವೆ. ಗಂಟೆ ಎರಡಾಗಿರಲಿಲ್ಲ. ಇನ್ನು ಭಯವಿಲ್ಲ ಎಂದು ಚಪಾತಿ, ಹುಚ್ಚೆಳ್ಳು ಪುಡಿ ಬಿಚ್ಚಿದೆ. ಮೊದಲ ತುತ್ತು ಬಾಯಿಗಿಟ್ಟು ಆ ಕಮಾನಿನ ಸಾಲುಗಳನ್ನು ಎಣಿಸಿದೆ, ಇನ್ನೊಂದು ಸಲ ಎಣಿಸಿದೆ. ಮೂವತ್ತೊಂದು ವರ್ಷ ನಾನು ಒಂದು ಸಾಲು ಕಮಾನು ಕಡಿಮೆ ಬರೆದಿದ್ದೆ.

ಅಣ್ಣ ಕಮಾನು ನೋಡುತ್ತಿರಲಿಲ್ಲ. ಅಲ್ಲಿ ತೋಟದವನೊಬ್ಬ ಒಂದು ಗಿಡದ ಬುಡಕ್ಕೆ ಪೈಪು ಬಿಟ್ಟು ಆಚೆ ಹೋಗಿ ಫೋನಿನಲ್ಲಿ ಮಾತಾಡುತ್ತಿದ್ದ. ಆ ಗಿಡದ ಬುಡ ತುಂಬಿ ನೀರು ಕಾಲುದಾರಿಗೆ ಹರಿಯುತ್ತಿತ್ತು. ಪಕ್ಕದ ಐದು ಗಿಡಗಳ ಬುಡ ಒಣಗಿ ಬೆಳ್ಳಗಿತ್ತು.

"ಅಣ್ಣಾ, ಬೇಡ" ಎಂದೆ.

"ನಾನೇನ್ ಮಾಡ್ದೆ? ಕೂತಿದೀನಲ್ಲ."

ಅವನು ಕೂತಿದ್ದು ಎರಡು ಚಪಾತಿಯಷ್ಟು ಹೊತ್ತು. ಕೈ ತೊಳೆಯುತ್ತೇನೆಂದು ಹೋದವನು ಹಿಮ್ಮಡಿಯಲ್ಲಿ ಮಣ್ಣು ಗೀರಿ, ಗಿಡದಿಂದ ಗಿಡಕ್ಕೆ ಕಾಲುವೆ ಎಳೆದು, ಸುತ್ತ ಪಾತಿ ಕಟ್ಟತೊಡಗಿದ. ತೋಟದವನು ಫೋನು ಕಿವಿಯಲ್ಲೇ ಇಟ್ಟುಕೊಂಡು ಓಡಿಬಂದ. ಸ್ವಲ್ಪ ಕೂಗಾಡಿದ. ಅಷ್ಟರಲ್ಲಿ ನೀರು ಎರಡನೇ ಗಿಡ ಮುಟ್ಟಿ ಮೂರನೆಯದರ ಕಡೆ ತಿರುಗಿತ್ತು. ಅವನು ಫೋನಿಗೆ ಏನೋ ಹೇಳಿ ಇಟ್ಟುಬಿಟ್ಟ, ಗಾಡಿಯಿಂದ ಒಂದು ಗುದ್ದಲಿ ತಂದು ಅಣ್ಣನ ಕೈಗೆ ಕೊಟ್ಟ. ತಾನೊಂದು ಹಿಡಿದ.

ಎರಡು ಗಂಟೆಯಿಂದ ಮೂರೂವರೆಯವರೆಗೆ ನಾನು ರೋಮ್ ನಗರದಲ್ಲಿ ಬೆಂಚಿನ ಮೇಲೆ ಕೂತು ನಮ್ಮಣ್ಣ ಗಿಡಕ್ಕೆ ನೀರು ಕಟ್ಟುವುದನ್ನು ನೋಡಿದೆ. ಇದನ್ನು ನಮ್ಮೂರ ಕೆರೆ ಏರಿಯ ಮೇಲೆ ಕೂತು ಬಿಟ್ಟಿಯಾಗಿ ನೋಡಬಹುದಿತ್ತು. ಅವನನ್ನೊಬ್ಬನನ್ನೇ ಬಿಟ್ಟು ಹೋದರೆ ಇನ್ನು ಯಾವ ನಲ್ಲಿಗೆ ಟವೆಲು ತುರುಕುತ್ತಾನೋ ಎಂಬ ಭಯ. ಐದು ಸಲ ಕರೆದೆ, ಆರನೆಯ ಸಲ ಅವನ ಪೂರ್ತಿ ಹೆಸರು ಹಿಡಿದು ಕರೆದೆ. ನಮ್ಮ ಮನೆಯಲ್ಲಿ ಪೂರ್ತಿ ಹೆಸರು ಹಿಡಿದು ಕರೆಯುವುದು ಅಮ್ಮ ತೀರಾ ಸಿಟ್ಟಾದಾಗ ಮಾತ್ರ. ಬಂದ.

ಕೊಲೊಸಿಯಂ

ಬಾಗಿಲ ಮುಂದೆ ಉದ್ದನೆಯ ಸಾಲು. ನಾವು ಸುಮಾರು ನಡುವಿನಲ್ಲಿದ್ದೆವು. ಕೈಗಡಿಯಾರ ನೋಡಿ ಲೆಕ್ಕ ಹಾಕಿದೆ. ಸಾಲು ಹೀಗೇ ಸಾಗಿದರೆ ನಾಲ್ಕೂಕಾಲಿಗೆ ಒಳಗಿರುತ್ತೇವೆ. ಜೀವ ಬಂದ ಹಾಗಾಯಿತು. ಆ ಖುಷಿಯಲ್ಲಿ ಸುಮ್ಮನಿರದೆ ಅಣ್ಣನಿಗೆ ಹೇಳಿದೆ, "ಟೈಮ್ ಕಮ್ಮಿ ಇದೆ ಅಣ್ಣಾ. ನಾಲ್ಕೂವರೆಗೆ ಬಾಗಿಲು ಹಾಕ್ತಾರೆ. ಹಿಂದಿರೋರಿಗೆ ಸಿಗಲ್ಲ."

ಅಣ್ಣ ಹಿಂದಕ್ಕೆ ತಿರುಗಿ ನೋಡಿದ. ಸಾಲಿನ ಬಾಲದಲ್ಲಿ ಒಬ್ಬ ಅಜ್ಜಿ, ಊರುಗೋಲಿನ ಒಬ್ಬ ಗಂಡಸು, ಮಗು ಎತ್ತಿಕೊಂಡ ಒಬ್ಬಳು ಹೆಂಗಸು.

"ಕಮ್ಮಿ ಇದೆಯಾ?" ಎಂದ. ಟವೆಲು ತಲೆಗೆ ಸುತ್ತಿಕೊಂಡ. ಅವನು ತಲೆಗೆ ಟವೆಲು ಸುತ್ತಿದನೆಂದರೆ ಕೆಲಸಕ್ಕೆ ಇಳಿದ ಎಂದರ್ಥ.

ನಮ್ಮ ಕಡೆ ಕೆರೆ ತುಂಬಿದ್ದಾಗ ನೀರನ್ನು ಮೇಲಿನ ಗದ್ದೆಯಿಂದ ಬಿಡುತ್ತಾರೆ. ನೀರು ಕಡಿಮೆ ಇದ್ದಾಗ ಬಾಲದ, ಅಂದರೆ ಕಾಲುವೆಯ ಕೊನೆಯ, ಗದ್ದೆಯಿಂದ ಬಿಡುತ್ತಾರೆ. ಇಲ್ಲದಿದ್ದರೆ ಮೇಲಿನವರೇ ಎಲ್ಲ ಕುಡಿದು ಬಾಲದವರಿಗೆ ಒಣ ಕಾಲುವೆ ಸಿಗುತ್ತದೆ. ಅಣ್ಣ ನಲವತ್ತು ವರ್ಷ ಪಾಲಿಸಿದ ಕಟ್ಟಳೆ ಇದು. ಅವನು ನೆಟ್ಟಗೆ ಬಾಲಕ್ಕೆ ಹೋಗಿ ಅಜ್ಜಿಯ ಮೊಳಕೈ ಹಿಡಿದು, "ರಾ ತಲ್ಲೀ, ಮುಂದರಿಕಿ ರಾ" ಎಂದು ತೆಲುಗಿನಲ್ಲೇ ಕರೆದು ಮುಂದಕ್ಕೆ ತಂದ. ಊರುಗೋಲಿನವನನ್ನು ಕರೆತಂದ, ಮಗುವಿನ ತಾಯಿಯನ್ನು ಕರೆತಂದ. ಬಾಲದಲ್ಲಿ ಅವರ ಮುಂದಿದ್ದವರು, ಆಮೇಲೆ ಅವರಿಗೂ ಮುಂದಿದ್ದವರು, ಹೀಗೆ ಎಲ್ಲರನ್ನೂ ಕೈ ಎತ್ತಿ ಬೀಸಿ ಕಳಿಸಿದ. ಕೊರಳಲ್ಲಿ ಕೆಂಪು ದಾರದ ಚೀಟಿ, ತಲೆಗೆ ರುಮಾಲು, ಹಣೆಗೆ ಕುಂಕುಮ, ಮಾತಿನಲ್ಲಿ ಎಳ್ಳಷ್ಟೂ ಅನುಮಾನವಿಲ್ಲ. ಜನ ಅವನನ್ನು ಇಲಾಖೆಯ ಅಧಿಕಾರಿ ಎಂದುಕೊಂಡರು. ಎತ್ತರದ ಒಬ್ಬ ಜರ್ಮನಿಯವನು ಮಾತ್ರ ತಕರಾರು ತೆಗೆದ. ಅಣ್ಣ ಅವನ ಹೆಗಲ ಮೇಲೆ ಕೈಯಿಟ್ಟು, "ನಿಂದು ಮೇಲಿನ್ ಗದ್ದೆ ಕಣಪ್ಪ, ಆಮೇಲೆ" ಎಂದ. ಅವನು ಸರಿ ಎಂದು ನಿಂತ. ಇಡೀ ಸಾಲು ಹಿಂದುಮುಂದಾಯಿತು. ಬಾಗಿಲಲ್ಲಿ ಟಿಕೆಟ್ ನೋಡುವ ಹೆಂಗಸು ಮೊದಲು ಹುಬ್ಬು ಗಂಟಿಕ್ಕಿದರು, ಆಮೇಲೆ ಸಾಲು ನೆಟ್ಟಗೆ ಬರುತ್ತಿರುವುದನ್ನು ಕಂಡು ನಗತೊಡಗಿದರು.

ನಾನು ಓಡಿಹೋಗಿ ಅವನ ಅಂಗಿ ಹಿಡಿದೆ. "ಅಣ್ಣಾ, ನಾವು?"

"ನಾವ್ ಕೊನೆಗೆ."

"ಕೊನೆಗಾ?"

"ಹಂಚೋರು ಯಾವಾಗ್ಲೂ ಕೊನೆಗೇ ಅಲ್ವೇನೇ."

ಎಲ್ಲರೂ ಹೋದರು, ಜರ್ಮನಿಯವನೂ ಹೋದ. ನಾವು ಬಾಗಿಲು ಮುಟ್ಟುವಾಗ ನಾಲ್ಕು ಮೂವತ್ತೈದು. ಹೆಂಗಸು ಕೈಗಡಿಯಾರ ತೋರಿಸಿ, ತುಟಿ ಕಚ್ಚಿ, ಸರಪಳಿ ಎಳೆದರು.

ಅಲ್ಲಿಯವರೆಗೆ ತಡೆದಿದ್ದೆಲ್ಲ ಬಾಯಿಗೆ ಬಂತು. "ಯಾವಾಗ್ಲೂ ಕೊನೆಗೆ ಯಾಕಣ್ಣ? ಅಪ್ಪನೂ ಇದೇ ಮಾಡಿದ್ರು. ಊರೆಲ್ಲ ನಾಟಿ ಆದ್ಮೇಲೆ ನಮ್ ಗದ್ದೆಗೆ ನೀರು. ಎಷ್ಟ್ ಸಲ ಬರೋ ಅಷ್ಟರಲ್ಲಿ ಕೆರೆ ಮುಗಿದೋಗಿತ್ತು ನೆನಪಿದ್ಯಾ? ನೀರುಗಂಟಿ ಮನೇಲೇ ಅಕ್ಕಿ ಕೊಂಡು ತಿಂದಿದ್ದು ನೆನಪಿದ್ಯಾ? ನಾನ್ ಏನ್ ಕೇಳ್ದೆ ನಿನ್ನ? ಒಂದೇ ಒಂದು ಕೇಳ್ದೆ." ಅಷ್ಟು ಹೇಳಿ ರಸ್ತೆಯಲ್ಲೇ ಅತ್ತೆ. ಅರವತ್ತೊಂದು ವರ್ಷದ ಹೆಂಗಸು, ಸೆರಗು ಬಾಯಿಗಿಟ್ಟುಕೊಂಡು.

ಅಣ್ಣ ತಲೆಯ ಟವೆಲು ಬಿಚ್ಚಿದ. ಸರಪಳಿಯ ಹತ್ತಿರ ಹೋಗಿ ಆ ಹೆಂಗಸಿಗೆ ಕೈ ಮುಗಿದ. ಅವನ ಹತ್ತಿರ ಕೈ ಮುಗಿದು ನೀರು ಕೇಳಿದವರನ್ನು ಸಾವಿರ ಸಲ ನೋಡಿದ್ದೇನೆ. ಅವನು ತನಗಾಗಿ ಇನ್ನೊಬ್ಬರ ಮುಂದೆ ಕೈ ಮುಗಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ತಾಯೀ, ಲೆಕ್ಕ ನಂದೇ ತಪ್ಪೋಯ್ತು" ಎಂದ, ಕನ್ನಡದಲ್ಲೇ. "ಇವ್ಳು ನಮ್ ತಂಗಿ. ಇವ್ಳನ್ನೊಬ್ಳನ್ನ ಬಿಡು. ನಾನ್ ಬರಲ್ಲ." ನನ್ನ ಕಡೆ ಕೈ ತೋರಿಸಿದ, ತಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ತೋರಿಸಿದ. ಆಕೆ ಅವನನ್ನು ನೋಡಿದರು, ನನ್ನನ್ನು ನೋಡಿದರು, ಸುತ್ತ ನೋಡಿದರು. ಸರಪಳಿಯ ಕೊಂಡಿ ತೆಗೆದು ಹತ್ತು ಬೆರಳು ತೋರಿಸಿದರು.

ಹತ್ತು ನಿಮಿಷ. ಒಳಗೆ ಹೋದೆ. ಅದು ದೊಡ್ಡದು, ಮುರಿದದ್ದು, ನಾನು ಪಾಠ ಮಾಡಿದ್ದಕ್ಕಿಂತ ಎಷ್ಟೋ ದೊಡ್ಡದು. ಇಳಿಬಿಸಿಲು ಮೇಲಿನ ಕಮಾನುಗಳಲ್ಲಿ ಮಾತ್ರ ಉಳಿದಿತ್ತು. ಅಜ್ಜಿ, ಊರುಗೋಲಿನವನು, ಮಗುವಿನ ತಾಯಿ ಎಲ್ಲ ಅಲ್ಲಿದ್ದರು. ಅಜ್ಜಿ ನನ್ನನ್ನು ಗುರುತು ಹಿಡಿದು, ಅವರೆಲ್ಲಿ ಎಂಬಂತೆ ತಲೆಗೆ ರುಮಾಲು ಸುತ್ತುವ ಸನ್ನೆ ಮಾಡಿದರು. ಹೊರಗೆ ಎಂದು ಕೈ ತೋರಿಸಿದೆ. ಉಳಿದ ನಿಮಿಷಗಳಲ್ಲಿ ನನಗೆ ಏನೂ ಸರಿಯಾಗಿ ಕಾಣಲಿಲ್ಲ.

ಹೊರಗೆ ಬಂದಾಗ ಅಣ್ಣ ಅದೇ ಕಲ್ಲಿನ ಮೇಲೆ ಕೂತಿದ್ದ.

"ನೋಡ್ದಾ?"

"ನೋಡ್ದೆ."

"ಒಳಗೆ ಮಳೆ ಬಂದ್ರೆ ನೀರ್ ಎಲ್ಲಿಗ್ ಹೋಗತ್ತೆ?"

ನಾನದನ್ನು ನೋಡಿರಲಿಲ್ಲ. ಮೂವತ್ತೊಂದು ವರ್ಷ ಪುಸ್ತಕದಲ್ಲಿ ಇಲ್ಲದ ಒಂದು ಮಾತನ್ನೂ ತರಗತಿಯಲ್ಲಿ ಹೇಳದವಳು, ಅಣ್ಣನ ಪಕ್ಕ ಕೂತು ಸುಳ್ಳು ಶುರು ಮಾಡಿದೆ. ನೆಲದ ಕೆಳಗೆ ದೊಡ್ಡ ಕಾಲುವೆ ಇದೆ, ಅದಕ್ಕೊಂದು ಕಲ್ಲಿನ ತೂಬಿದೆ ಎಂದೆ. ಆಗಿನ ಕಾಲದಲ್ಲಿ ಅದಕ್ಕೊಬ್ಬ ನೀರುಗಂಟಿಯೂ ಇದ್ದ ಎಂದೆ.

"ಇದ್ನಾ?" ಅಣ್ಣನ ಮುಖ ಅರಳಿತು.

"ಇದ್ದ. ಭಾರಿ ಮರ್ಯಾದೆ ಅವನಿಗೆ. ಆಟ ನೋಡೋಕೆ ಅವನ ಕುಟುಂಬಕ್ಕೆ ಅಂತಲೇ ಜಾಗ ಇಟ್ಟಿದ್ರು. ಮೊಟ್ಟಮೊದಲನೇ ಸಾಲಲ್ಲಿ."

ಅಣ್ಣ ಮುರಿದ ಗೋಡೆಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ಆಮೇಲೆ ಎದ್ದು, ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನೀರುಗಂಟೀನ ಮೊದಲ್ನೇ ಸಾಲಲ್ಲಿ ಕೂರ್ಸಿದ್ರಾ?" ಎಂದ. "ಅದಕ್ಕೇ ಕಣಮ್ಮಾ ಊರು ಹಾಳಾಗಿರೋದು."